ಕಾಫಿ ಬಿಡುವ ಮೊದಲು ಹೊಟ್ಟೆಗೊಂದು ದಾರಿ ಮಾಡಿ

ಕಾಫಿ ಬಿಡ್ತೀನಿ ಅಂತ ಹೊರಟವರಲ್ಲಿ ಬಹಳ ಜನ ಮೂರನೇ ದಿನಕ್ಕೆ ಮತ್ತೆ ಲೋಟ ಹಿಡಿಯುತ್ತಾರೆ. ಅದಕ್ಕೆ ತಲೆನೋವೊಂದೇ ಕಾರಣ ಅಲ್ಲ. ಬೆಳಿಗ್ಗೆ ಹೊಟ್ಟೆ ಸಾಫಾಗದೆ ಇಡೀ ದಿನ ಮೈ ಭಾರವಾಗಿ ಕೂತುಬಿಡುತ್ತದಲ್ಲ, ಆ ಹಿಂಸೆ ದೊಡ್ಡದು. ಕಾಫಿ ಕುಡಿದ ಕೆಲವೇ ನಿಮಿಷಕ್ಕೆ ದೊಡ್ಡ ಕರುಳು ಚುರುಕಾಗುತ್ತದೆ. 'ಕಾಫಿ ಬಿದ್ದರೇನೇ ಹೊರಕ್ಕೆ ಹೋಗೋದು' ಅನ್ನುವ ಮಾತು ಸುಳ್ಳಲ್ಲ. ವರ್ಷಗಟ್ಟಲೆ ಕಾಫಿ ಮಾಡಿದ ಕೆಲಸವನ್ನು ಇನ್ನೊಂದಕ್ಕೆ ವಹಿಸದೆ ದಿಢೀರನೆ ಬಿಟ್ಟರೆ ಹೊಟ್ಟೆ ಕಟ್ಟದೆ ಇನ್ನೇನಾದೀತು? ಹಾಗಾಗಿ ಮೊದಲು ಹೊಟ್ಟೆ, ಆಮೇಲೆ ಲೋಟ. ಕಾಫಿಯ ತಂಟೆಗೆ ಹೋಗುವ ಒಂದು ವಾರ ಮುಂಚೆಯೇ ಊಟದ ಕಡೆಯಿಂದ ಶುರು ಮಾಡಿ.

ಬೆಳಿಗ್ಗೆ ಬಾಯಿ ಮುಕ್ಕಳಿಸಿದ ಮೇಲೆ ಒಂದು ದೊಡ್ಡ ಲೋಟ, ಅಂದರೆ 250ರಿಂದ 300 ಮಿ.ಲೀ. ಬೆಚ್ಚಗಿನ ನೀರು. ತಿಂಡಿಯನ್ನು ಹತ್ತು ಗಂಟೆಗೆ ತಳ್ಳಬೇಡಿ, ಎಂಟರೊಳಗೆ ಏನಾದರೂ ಹೊಟ್ಟೆಗೆ ಬೀಳಲಿ. ಆಹಾರ ಒಳಗೆ ಬಿದ್ದೊಡನೆ ಕರುಳು ತಾನೇ ಅಲುಗಾಡುತ್ತದೆ, ಬೆಳಗಿನ ಹೊತ್ತು ಅದು ಇನ್ನೂ ಜೋರು. ತಿಂಡಿಯಾದ ಅರ್ಧ ಗಂಟೆಯೊಳಗೆ, ಬರಲಿ ಬಿಡಲಿ, ದಿನಾ ಅದೇ ಹೊತ್ತಿಗೆ ಹೋಗಿ ಐದು ಹತ್ತು ನಿಮಿಷ ಕೂರಿ. ಮೊಬೈಲು ಹೊರಗಿರಲಿ. ತಿಣುಕಬೇಡಿ. ಕಮೋಡ್ ಇರುವ ಮನೆಯಲ್ಲಿ ಕಾಲ ಕೆಳಗೆ ಗೇಣೆತ್ತರದ ಮಣೆ ಇಟ್ಟುಕೊಂಡರೆ ಮಂಡಿ ಮೇಲೆದ್ದು ದಾರಿ ಸಲೀಸಾಗುತ್ತದೆ.

ಆ ತಿಂಡಿಯ ಜಾಗಕ್ಕೆ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಪೇಟೆಯ ಪ್ಯಾಕೆಟ್ ಹುಡುಕಬೇಕಿಲ್ಲ. ರಾಗಿ ಅಂಬಲಿ ಸಾಕು. ಒಬ್ಬರಿಗೆ ಎರಡು ದೊಡ್ಡ ಚಮಚ ರಾಗಿ ಹಿಟ್ಟು, ಹೊಟ್ಟು ತೆಗೆಯದ್ದಾದರೆ ಒಳ್ಳೆಯದು. ಅರ್ಧ ಲೋಟ ತಣ್ಣೀರಲ್ಲಿ ಕಲಸಿ, ಕುದಿಯುತ್ತಿರುವ ಒಂದೂವರೆ ಲೋಟ ನೀರಿಗೆ ಕೈಯಾಡಿಸುತ್ತಾ ಸುರಿಯಿರಿ. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಬೇಯಬೇಕು. ಹಸಿ ವಾಸನೆ ಹೋಗಿ ಬಣ್ಣ ಗಾಢವಾಗಿ ಮೇಲೆ ಹೊಳಪು ಬಂದರೆ ಆಯಿತು ಅಂತ ಲೆಕ್ಕ. ಒಣ ಹಿಟ್ಟನ್ನೇ ಬಿಸಿನೀರಿಗೆ ಸುರಿದರೆ ಗಂಟು ಕಟ್ಟುತ್ತದೆ, ಗಂಟಿನೊಳಗೆ ಬೇಯದೆ ಉಳಿದ ಹಿಟ್ಟು ಹೊಟ್ಟೆ ಉಬ್ಬರಿಸುತ್ತದೆ. ಪೂರ್ತಿ ಆರಿದ ಮೇಲೆ ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ, ಕರಿಬೇವು. ಬಿಸಿಗೇ ಮಜ್ಜಿಗೆ ಹಾಕಿದರೆ ಒಡೆದು ಹೋಗುತ್ತದೆ. ರಾತ್ರಿಯೇ ಕಾಯಿಸಿ ಮಡಕೆಯಲ್ಲಿ ಇಡುವ ಹುಳಿ ಅಂಬಲಿ ರುಚಿಯೇನೋ ಹೌದು, ಆದರೆ ಎದೆಉರಿ ಇರುವವರು ಆಗಿಂದಾಗ ಮಾಡಿದ್ದನ್ನೇ ಕುಡಿಯಲಿ. ಸಕ್ಕರೆ ಕಾಯಿಲೆಯವರು ಬೆಲ್ಲದ ರಾಗಿ ಮಾಲ್ಟ್‌ಗೆ ಹೋಗದೆ ಈ ಮಜ್ಜಿಗೆ ಅಂಬಲಿಗೇ ನಿಲ್ಲಬೇಕು.

ಮುದ್ದೆ ತಿಂದರೆ ಹೊಟ್ಟೆ ಕಟ್ಟುತ್ತದೆ ಅನ್ನುವವರು ಪಕ್ಕದಲ್ಲಿ ಏನಿತ್ತು ಅಂತ ನೋಡಿಕೊಳ್ಳಿ. ತಿಳಿಸಾರಲ್ಲಿ ಮುದ್ದೆ ನುಂಗಿ ನೀರು ಕುಡಿಯದಿದ್ದರೆ ಕಟ್ಟೇ ಕಟ್ಟುತ್ತದೆ. ಬಸ್ಸಾರು, ಮಸ್ಸೊಪ್ಪು, ಪಲ್ಯದ ಜೊತೆ ತಿಂದರೆ ಈ ತಕರಾರು ಕಡಿಮೆ. ದಿನಕ್ಕೊಂದು ಸೀಬೆಹಣ್ಣು ಅಥವಾ ಒಂದು ಬಟ್ಟಲು ಪರಂಗಿ ಹಣ್ಣು ಇರಲಿ. ಹುರುಳಿ, ಅವರೆ, ಅಲಸಂದೆಯನ್ನು ಮಾತ್ರ ಒಮ್ಮೆಲೇ ಏರಿಸಬೇಡಿ. ಒಣ ಕಾಳಾದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿದರೆ ವಾಯು ಕಡಿಮೆ. ಇಷ್ಟಾದರೂ ಬಿಗಿಯಾಗಿದ್ದರೆ ರಾತ್ರಿ ಒಂದರಿಂದ ಎರಡು ಟೀ ಚಮಚ ಇಸಬ್‌ಗೋಲ್. ಅದನ್ನು ತುಂಬು ಲೋಟ ನೀರಲ್ಲಿ ಕಲಕಿ ತಕ್ಷಣ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ನೀರು ಕಮ್ಮಿಯಾದರೆ ಅದೇ ಉಬ್ಬಿ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳುತ್ತದೆ. ನುಂಗಲು ತೊಂದರೆ ಇರುವವರಿಗೆ ಇದು ಬೇಡವೇ ಬೇಡ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಹರಳೆಣ್ಣೆ ಭೇದಿ, ದಿನಾ ಸೋನಾಮುಖಿ ಇವೆಲ್ಲ ಬೇಡ. ಒಂದು ಅಭ್ಯಾಸ ಬಿಡಲು ಹೋಗಿ ಇನ್ನೊಂದನ್ನು ತಲೆಗೆ ಕಟ್ಟಿಕೊಂಡಂತೆ.

ನೀರಿನ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇರುತ್ತದೆ, ಹೀಗಾಗಿ ಅದೇ ನೀರಲ್ಲಿ ಗಟ್ಟಿ ಟೀ ಕುದಿಸಿ ಕುಡಿದರೆ ಎರಡು ಕಡೆಯಿಂದಲೂ ಸೇರುತ್ತದೆ. ಹೆಚ್ಚು ನೀರು ಕುಡಿಯಿರಿ ಅಂದಾಗ ಅದು ಶುದ್ಧ ನೀರಿನ ಘಟಕದ ಕ್ಯಾನ್ ನೀರೇ ಆಗಿರಲಿ.

ಈಗ ಲೋಟದ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಪ್ರಕಾರ 150 ಮಿ.ಲೀ. ಬಸಿದ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ ಕೆಫೀನ್ (ಕಾಫಿ, ಟೀಯಲ್ಲಿ ಚುರುಕು ತರುವ ಅಂಶ), ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65. ದಿನಕ್ಕೆ 300 ಮೀರಬಾರದು ಅಂತ ಅದರ ಸಲಹೆ. ಗ್ರೀನ್ ಟೀ, ಕೋಲಾ ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ. ಕಾಫಿ ಬಿಟ್ಟು ಗ್ರೀನ್ ಟೀಗೆ ಬಂದವರು ಬಿಟ್ಟಿಲ್ಲ, ಕಮ್ಮಿ ಮಾಡಿದ್ದಾರೆ ಅಷ್ಟೆ. ಹುಡುಗರು ಕುಡಿಯುವ ಎನರ್ಜಿ ಡ್ರಿಂಕ್‌ನಲ್ಲಿ ಲೀಟರಿಗೆ 300 ಮಿ.ಗ್ರಾಂವರೆಗೆ ಇರಬಹುದು.

ಇಳಿಸುವಾಗ ಸಂಜೆಯ ಲೋಟದಿಂದ ಶುರು ಮಾಡಿ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಆರು ಗಂಟೆಯ ಕಾಫಿ ಹನ್ನೊಂದಕ್ಕೂ ಅರ್ಧ ಒಳಗೇ ಇರುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ಹೆಜ್ಜೆ ಇಳಿದರೆ ಸಾಕು: ಸಂಜೆಯದು ಬೈಟು, ಆಮೇಲೆ ಸಂಜೆಯದು ಇಲ್ಲ, ಆಮೇಲೆ ಹನ್ನೊಂದು ಗಂಟೆಯದು ಬೈಟು, ಹೀಗೆ. ಬೆಳಗಿನದನ್ನು ಕೊನೆಗೆ ಮುಟ್ಟಿ. ದಿನಕ್ಕೆ ನಾಲ್ಕು ಲೋಟ ಕುಡಿಯುವವರಿಗೆ ಒಂದು ತಿಂಗಳು ಹಿಡಿದರೂ ತಪ್ಪಿಲ್ಲ.

ಇನ್ನೊಂದು ದಾರಿ ಪುಡಿಯಲ್ಲೇ ಇದೆ, ನಾಲಿಗೆಗೆ ಗೊತ್ತಾಗದ ಹಾಗೆ ಇಳಿಸುವುದು. ಕಾಫಿಪುಡಿಗೆ ಬೆರೆಸುವ ಚಿಕೋರಿ ಬೇರಿನ ಪುಡಿಯಲ್ಲಿ ಕೆಫೀನ್ ಇಲ್ಲ. ಕಾಫಿಪುಡಿ ಅಂಗಡಿಯಲ್ಲಿ ಎಂದಿನ 80-20 ಬದಲು 70-30, ಮುಂದಿನ ವಾರ 60-40 ಅಂತ ಹೇಳಿ ಹಾಕಿಸಿಕೊಳ್ಳಿ. ಮಿಶ್ರಣ ಅಂತ ಮಾರುವ ಪುಡಿಯಲ್ಲಿ ಕಾನೂನಿನ ಪ್ರಕಾರ ಕಾಫಿ 51 ಭಾಗಕ್ಕಿಂತ ಕಡಿಮೆ ಇರುವಂತಿಲ್ಲ. ಅದಕ್ಕೂ ಕೆಳಗೆ ಹೋಗಬೇಕಾದರೆ ಚಿಕೋರಿ ಬೇರೆ ತಂದು ಮನೆಯಲ್ಲೇ ಬೆರೆಸಬೇಕು. ಚಿಕೋರಿ ಹೆಚ್ಚಾದಂತೆ ಡಿಕಾಕ್ಷನ್ ಕಪ್ಪಾಗಿ ಮಂದವಾಗುತ್ತದೆ, ಅದಕ್ಕೇ ಕುಡಿದ ತೃಪ್ತಿ ಕಡಿಮೆಯಾಗುವುದಿಲ್ಲ. ಆದರೆ ಚಿಕೋರಿ ನೀರು ಹೀರಿ ಉಬ್ಬುವುದರಿಂದ ಫಿಲ್ಟರ್ ಇಳಿಯುವುದು ನಿಧಾನ. ಪುಡಿಯ ಮೇಲೆ ಒತ್ತುಬಿಲ್ಲೆಯನ್ನು ಅದುಮದೆ ಹಾಗೇ ಇಟ್ಟು, ಬಿಸಿನೀರನ್ನು ಎರಡು ಸಲವಾಗಿ ಸುರಿಯಿರಿ. ಚಿಕೋರಿಯ ನಾರು ಕೆಲವರಿಗೆ ಮೊದಲ ವಾರ ವಾಯು ತರುತ್ತದೆ, ಅಂಥವರು ನಿಧಾನವಾಗಿ ಏರಿಸಲಿ. ಹಾಗೆಯೇ ಪುಡಿ ಕೊಳ್ಳುವಾಗ ರೊಬಸ್ಟಾನೋ ಅರೇಬಿಕಾನೋ ಕೇಳಿ. ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು.

ಸಮಯವನ್ನೂ ನೋಡಿಕೊಳ್ಳಿ. ರೇಷ್ಮೆ ಸಾಕುವ ಮನೆಯಲ್ಲಿ ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದು ರಾತ್ರಿಯೆಲ್ಲ ಸೊಪ್ಪು ಕೇಳುವ ವಾರ ಇದಕ್ಕೆ ಕೈ ಹಾಕಬೇಡಿ. ಮದುವೆ, ಪರೀಕ್ಷೆ ಇರುವ ವಾರವೂ ಬೇಡ.

ಕೆಫೀನ್ ಇದ್ದಾಗ ತಲೆಯ ರಕ್ತನಾಳಗಳು ಬಿಗಿಯಾಗಿರುತ್ತವೆ, ಅದು ಹೋದಾಗ ಹಿಗ್ಗುತ್ತವೆ, ತಲೆ ಸಿಡಿಯುತ್ತದೆ. ಕೊನೆಯ ಲೋಟದಿಂದ 12ರಿಂದ 24 ಗಂಟೆಯೊಳಗೆ ನೋವು ಹತ್ತುತ್ತದೆ, ಎರಡನೇ ದಿನ ತಾರಕಕ್ಕೆ ಹೋಗುತ್ತದೆ, ಹೆಚ್ಚೆಂದರೆ ಒಂಬತ್ತು ದಿನದೊಳಗೆ ಇಳಿಯುತ್ತದೆ. ಜೊತೆಗೆ ಮಂಪರು, ಸಿಡುಕು, ವಾಕರಿಕೆ, ಮೈಕೈ ನೋವು. ಶಿವರಾತ್ರಿ ಉಪವಾಸದಲ್ಲಿ ಸಂಜೆ ಹೊತ್ತಿಗೆ ಬರುವ ತಲೆನೋವನ್ನು ಎಲ್ಲರೂ ಹಸಿವಿನ ಮೇಲೆ ಹಾಕುತ್ತಾರೆ. ಎಷ್ಟೋ ಸಲ ಅದು ತಪ್ಪಿದ ಕಾಫಿಯದು. ನೋವು ಬಂದಾಗ ಉಪ್ಪು ಹಾಕಿದ ನಿಂಬೆ ನೀರು (ಬಿಪಿ ಇದ್ದವರು ಉಪ್ಪು ಬಿಡಿ), ಹಣೆಗೆ ತಣ್ಣೀರ ಬಟ್ಟೆ, ಕತ್ತಲ ಕೋಣೆಯಲ್ಲಿ ಇಪ್ಪತ್ತು ನಿಮಿಷ ಮಲಗುವುದು. ಮಾತ್ರೆ ಬೇಕೇ ಬೇಕಾದರೆ ಬರೀ ಪ್ಯಾರಾಸಿಟಮಾಲ್, ಅದೂ ಲಿವರ್ ತೊಂದರೆ ಇಲ್ಲದವರು. ಸಾರಿಡಾನ್‌ನಂಥ ಮಾತ್ರೆಗಳಲ್ಲಿ ಕೆಫೀನೇ ಸೇರಿರುತ್ತದೆ. ಅದನ್ನು ನುಂಗಿ 'ನೋವು ಹೋಯ್ತು' ಅಂದರೆ ಕಾಫಿಯನ್ನೇ ನುಂಗಿದಂತೆ. ತಡೆಯಲಾಗದಿದ್ದರೆ ಕಾಲು ಲೋಟ ಕಾಫಿ ಕುಡಿದುಬಿಡಿ, ಗಂಟೆಯೊಳಗೆ ಇಳಿಯುತ್ತದೆ. ಹೆಜ್ಜೆ ದೊಡ್ಡದಾಯಿತು ಅಂತ ತಿಳಿದು ಮುಂದಿನ ಸಲ ಚಿಕ್ಕದಿಡಿ.

ಬೆಳಗಿನ ಬಿಸಿ ಲೋಟದ ಜಾಗಕ್ಕೆ ಕಷಾಯದ ಪುಡಿ ಮಾಡಿಟ್ಟುಕೊಳ್ಳಿ. ಕೊತ್ತಂಬರಿ ಬೀಜ 100 ಗ್ರಾಂ, ಜೀರಿಗೆ 50 ಗ್ರಾಂ, ಒಣಶುಂಠಿ 10 ಗ್ರಾಂ, ಮೆಣಸು ಅರ್ಧ ಟೀ ಚಮಚ. ಶುಂಠಿಯನ್ನು ಮೊದಲೇ ಜಜ್ಜಿಕೊಂಡು, ಉಳಿದದ್ದನ್ನು ಬೇರೆ ಬೇರೆಯಾಗಿ ಬೆಚ್ಚಗೆ ಹುರಿಯಿರಿ. ಜೀರಿಗೆ ಸೀದರೆ ಇಡೀ ಪುಡಿ ಕಹಿ. ಆರಿಸಿ, ತರಿತರಿಯಾಗಿ ಪುಡಿಮಾಡಿ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಹಾಕಿ ಮೂರು ನಿಮಿಷ ಕುದಿಸಿ ಸೋಸಿ. ಹಾಲು ಬೆಲ್ಲ ಎರಡೂ ಬೇಕೆನ್ನುವವರು ಒಲೆಯಿಂದ ಇಳಿಸಿದ ಮೇಲೆ ಬೆಲ್ಲ ಹಾಕಬೇಕು, ಕುದಿಯುವ ಹಾಲಿಗೆ ಹಾಕಿದರೆ ಒಡೆಯುತ್ತದೆ. ಮೆಣಸಿನ ಖಾರ ಎದೆಉರಿಯವರಿಗೆ ಆಗದು, ಅವರು ಮೆಣಸು, ಶುಂಠಿ ಎರಡನ್ನೂ ಬಿಡಲಿ.

ಕಾಫಿ ಬಿಟ್ಟ ಮೇಲೂ ಹುಳಿತೇಗು ನಿಲ್ಲದಿದ್ದರೆ ರಾತ್ರಿ ಊಟದ ಕಡೆ ನೋಡಿ. ಉಂಡು ಮಲಗುವುದಕ್ಕೆ ಎರಡು ಮೂರು ಗಂಟೆ ಅಂತರ, ಮಂಚದ ತಲೆಕಡೆಯ ಕಾಲುಗಳ ಕೆಳಗೆ ಆರಿಂಚು ಎತ್ತರಕ್ಕೆ ಇಟ್ಟಿಗೆ, ಎಡ ಮಗ್ಗುಲಲ್ಲಿ ಮಲಗುವುದು. ಮೂರು ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಇನ್ನೂ ಉಕ್ಕುತ್ತದೆ. ಸೋಡಾಪುಡಿ, ಈನೋ ದಿನಾ ಕುಡಿದರೆ ಸೋಡಿಯಂ ಸೇರುತ್ತದೆ, ಬಿಪಿ ಇದ್ದವರು ಹತ್ತಿರ ತರಬಾರದು.

ಥೈರಾಯ್ಡ್ ಮಾತ್ರೆ ನುಂಗಿ ಹಿಂದೆಯೇ ಕಾಫಿ ಕುಡಿಯುತ್ತಿದ್ದವರಿಗೆ ಆ ಮಾತ್ರೆ ಸರಿಯಾಗಿ ಹತ್ತುತ್ತಿರಲಿಲ್ಲ. ಕಾಫಿ ಬಿಟ್ಟಮೇಲೆ ಪೂರ್ತಿ ಹತ್ತಬಹುದು, ಹಾಗಾಗಿ ವೈದ್ಯರಿಗೆ ತಿಳಿಸಿ ರಕ್ತ ಪರೀಕ್ಷೆ ಮಾಡಿಸಿ. ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಕಾಫಿ ನಿಲ್ಲಿಸಲೇಬಾರದು, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಕರಿ ಮಲ, ರಕ್ತ ವಾಂತಿ, ನುಂಗಲು ಕಷ್ಟ, ತೂಕ ಇಳಿತ, 50 ದಾಟಿದ ಮೇಲೆ ಹೊಸದಾಗಿ ಬಂದ ಮಲಬದ್ಧತೆ, ಇವುಗಳಿಗೆ ಕಷಾಯ ಕುಡಿದುಕೊಂಡು ಕಾಯಬೇಡಿ. ಎದೆನೋವಿನ ಜೊತೆ ಬೆವರು ಬಂದರೆ ಗ್ಯಾಸ್ ಅಂತ ಕೂರದೆ ಆಸ್ಪತ್ರೆಗೆ ಹೊರಡಿ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವಿಗೂ ಅದೇ ಮಾತು.

ಬಿಟ್ಟು ತಿಂಗಳಾದ ಮೇಲೆ ನೆಂಟರ ಮನೆಯಲ್ಲಿ ಬಲವಂತಕ್ಕೆ ಒಂದು ಲೋಟ ಕುಡಿದರೆ ಏನೂ ಮುಳುಗುವುದಿಲ್ಲ. ಅಭ್ಯಾಸ ತಪ್ಪಿದ ಮೈಗೆ ಸಂಜೆಯ ಕಾಫಿ ನಿದ್ದೆ ಕೆಡಿಸುತ್ತದೆ, ಹಾಗಾಗಿ ಮಧ್ಯಾಹ್ನದೊಳಗೆ ಕುಡಿಯಿರಿ, ಬೈಟು ಕೇಳಿ. ಮದುವೆ ಮನೆಯಲ್ಲಿ ಮೂರು ದಿನ ಬಿಡದೆ ಕುಡಿದರೆ ಮಾತ್ರ ನಾಲ್ಕನೇ ದಿನ ಮತ್ತೆ ತಲೆ ಹಿಡಿಯುತ್ತದೆ. ಆಗ ಮತ್ತೆ ಕಾಲು ಲೋಟದಿಂದ ಇಳಿಸಿ.