ಲೆಟರ್ ಹೆಡ್ ಒಂದೇ ಥರ, ಸದನ ಎರಡು

ದೆಹಲಿಯಲ್ಲಿ ಎಂಪಿ ಆಫೀಸಲ್ಲಿ ಕೆಲಸ ಮಾಡುತ್ತೇನೆ ಅಂದರೆ ಊರಿನವರು ಮೊದಲು ಕೇಳುವುದು ಒಂದೇ ಮಾತು: "ಒಂದು ಲೆಟರ್ ಕೊಡಿಸ್ತೀರಾ?" ಲೋಕಸಭೆಯಾ, ರಾಜ್ಯಸಭೆಯಾ ಅಂತ ಯಾರೂ ಕೇಳುವುದಿಲ್ಲ. ನನಗೂ ಮೊದಲು ದೊಡ್ಡ ವ್ಯತ್ಯಾಸ ಗೊತ್ತಿರಲಿಲ್ಲ. 2014ರಿಂದ 2019ರ ತನಕ ಲೋಕಸಭೆಯ ಸದಸ್ಯರೊಬ್ಬರ ಹತ್ತಿರ ಇದ್ದೆ, ಆಮೇಲೆ ರಾಜ್ಯಸಭೆಯವರೊಬ್ಬರ ಹತ್ತಿರ ಸೇರಿಕೊಂಡೆ. ಇಬ್ಬರೂ ಕರ್ನಾಟಕದವರೇ. ಪ್ರಶ್ನೆ ಬರೆಯುವುದು, ಭಾಷಣಕ್ಕೆ ಟಿಪ್ಪಣಿ ಮಾಡಿಕೊಡುವುದು, ಪತ್ರ ಟೈಪ್ ಮಾಡಿ ಸಹಿ ಹಾಕಿಸುವುದು, ಇಷ್ಟು ನನ್ನ ಕೆಲಸ.

ಲೋಕಸಭೆ ಆಫೀಸು ಅಂದರೆ ಸಂತೆ. ನಮ್ಮ ರಾಜ್ಯದ 28 ಲೋಕಸಭಾ ಕ್ಷೇತ್ರಗಳಲ್ಲಿ ಒಂದೊಂದರಲ್ಲೂ ಎಂಟು ವಿಧಾನಸಭಾ ಕ್ಷೇತ್ರ ಇವೆ, ಮತದಾರರು ಆಗ ಸರಾಸರಿ 17-18 ಲಕ್ಷ. ಅಷ್ಟೂ ಜನಕ್ಕೆ ಒಬ್ಬರೇ ಎಂಪಿ. ರೈಲಿನ ವೇಟಿಂಗ್ ಲಿಸ್ಟ್ ಟಿಕೆಟ್‌ಗೆ ಇ.ಕ್ಯೂ. (ಎಮರ್ಜೆನ್ಸಿ ಕೋಟಾ) ಲೆಟರ್ ಬೇಕು, ಆಪರೇಷನ್‌ಗೆ ಪ್ರಧಾನಿ ಪರಿಹಾರ ನಿಧಿಗೆ ಬರೆಸಬೇಕು, ಮಗುವಿಗೆ ಕೇಂದ್ರೀಯ ವಿದ್ಯಾಲಯದ ಸೀಟು ಬೇಕು. ಆ ಸೀಟಿನ ಕೋಟಾ ನಾನಿದ್ದಾಗ ಎಂಪಿಗೆ ವರ್ಷಕ್ಕೆ 10ಕ್ಕೆ ಏರಿತ್ತು. ಹತ್ತು ಜನಕ್ಕೆ ಕೊಟ್ಟು ಉಳಿದವರೆಲ್ಲರ ಹತ್ತಿರ ಬೈಸಿಕೊಳ್ಳುವ ಕೆಲಸ ಅದು. 2022ರಲ್ಲಿ ಕೋಟಾವೇ ರದ್ದಾಯಿತು, ಒಳ್ಳೆಯದೇ ಆಯಿತು ಅನ್ನುತ್ತೇನೆ.

ನನಗೆ ನಿಜವಾಗಿ ಇಷ್ಟವಾಗಿದ್ದು ಪ್ರಶ್ನೆ ಬರೆಯುವ ಕೆಲಸ. ಮೊದಲನೆಯದು ತಾಲೂಕು ಆಸ್ಪತ್ರೆಯಲ್ಲಿ ಡಾಕ್ಟರ್ ಯಾಕಿಲ್ಲ ಅಂತ. ಸ್ವೀಕರಿಸಲೇ ಇಲ್ಲ. ಆಸ್ಪತ್ರೆ ರಾಜ್ಯದ ವಿಷಯ, ದೆಹಲಿಯಲ್ಲಿ ಕೇಳುವ ಹಾಗಿಲ್ಲ. ಅದನ್ನೇ ತಿರುಗಿಸಿ ಬರೆದೆ: ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕರ್ನಾಟಕಕ್ಕೆ ಮೂರು ವರ್ಷದಲ್ಲಿ ಕೊಟ್ಟ ದುಡ್ಡೆಷ್ಟು, ಖರ್ಚಾಗಿದ್ದೆಷ್ಟು? ಈ ಸಲ ಉತ್ತರ ಬಂತು. ಕೇಂದ್ರದ ದುಡ್ಡು ಎಲ್ಲಿದೆ ಅಂತ ಹುಡುಕಿ ಅದರ ಬಾಲ ಹಿಡಿಯಬೇಕು, ಇಷ್ಟೇ ಗುಟ್ಟು.

ಇನ್ನೊಂದು ಸಲ ದಿನ ಎಣಿಸುವುದರಲ್ಲಿ ಎಡವಿದೆ. ಪ್ರಶ್ನೆಗೆ ಕೊಡುವ ನೋಟಿಸಿಗೂ ಉತ್ತರದ ದಿನಕ್ಕೂ ನಡುವೆ ಪೂರ್ತಿ 15 ದಿನ ಇರಬೇಕು, ಆ ಎರಡು ದಿನ ಲೆಕ್ಕಕ್ಕಿಲ್ಲ. ನಾನು ನೋಟಿಸ್ ಕೊಟ್ಟ ದಿನವನ್ನೂ ಸೇರಿಸಿ ಎಣಿಸಿದ್ದೆ. ಒಂದೇ ದಿನದ ವ್ಯತ್ಯಾಸ, ಅಲ್ವಾ? ಆದರೆ ಒಂದೊಂದು ಮಂತ್ರಿ ಖಾತೆಗೂ ಉತ್ತರ ಕೊಡಲು ವಾರದಲ್ಲಿ ಒಂದೇ ದಿನ, ತಪ್ಪಿದರೆ ಮುಂದಿನ ವಾರ. ಅದು ಅಧಿವೇಶನದ ಕೊನೆಯ ವಾರ. ಮುಂದಿನ ವಾರ ಇರಲೇ ಇಲ್ಲ.

ಹಾಗಂತ ಚುಕ್ಕೆ ಗುರುತಿನ ಪ್ರಶ್ನೆ ಸಿಕ್ಕಿದರೂ ಕುಣಿಯುವ ಹಾಗಿಲ್ಲ. ಲೋಕಸಭೆಯಲ್ಲಿ ದಿನಕ್ಕೆ ಅಂಥವು 20, ರಾಜ್ಯಸಭೆಯಲ್ಲಿ 15. ಲಾಟರಿ ಎತ್ತಿ ಆರಿಸುತ್ತಾರೆ. ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳುವುದು, ಉಪಪ್ರಶ್ನೆ ಕೇಳುವುದು ಇವಕ್ಕೆ ಮಾತ್ರ. ಆದರೆ ಸಮಯ ಒಂದೇ ಗಂಟೆ. ನಮ್ಮದು ಒಂದು ಸಲ ಒಂಬತ್ತನೆಯದಾಗಿ ಬಂತು, ಸಾಹೇಬ್ರು ಫೈಲ್ ಹಿಡಿದು ಕೂತೇ ಇದ್ದರು, ಗಂಟೆ ಮುಗಿಯಿತು. ಮಿಕ್ಕ ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರ.

ರಾಜ್ಯಸಭೆಗೆ ಹೋದ ಮೊದಲ ವಾರ ಆಫೀಸಲ್ಲಿ ಎಷ್ಟು ಮೌನ ಅಂದರೆ ನನಗೇ ದಿಗಿಲಾಯಿತು. ಬಾಗಿಲು ಬಡಿಯುವವರೇ ಇಲ್ಲ. ಆಮೇಲೆ ಫೋನ್ ಶುರುವಾಯಿತು, ಎಲ್ಲ ಶಾಸಕರ ಪಿಎಗಳದ್ದು. ಸಹಜವೇ, ಈ ಸಾಹೇಬ್ರ ಮತದಾರರು ಒಟ್ಟು 224 ಜನ. ಲೋಕಸಭೆಯ 28 ಕ್ಷೇತ್ರಗಳೊಳಗಿನ ಅದೇ ಎಂಟೆಂಟು ಶಾಸಕರು ಸೇರಿ 224. ನಾಲ್ಕು ಸೀಟಿಗೆ ಚುನಾವಣೆ ಇದ್ದರೆ 224ನ್ನು ಸೀಟಿಗಿಂತ ಒಂದು ಹೆಚ್ಚು, ಅಂದರೆ ಐದರಿಂದ ಭಾಗಿಸುತ್ತಾರೆ, 44.8 ಬರುತ್ತದೆ, ಅದನ್ನು ದಾಟಿ 45 ಮತ ಬಿದ್ದರೆ ಗೆದ್ದ ಹಾಗೆ. ಮತ ಗುಟ್ಟಲ್ಲ, ಪಕ್ಷದ ಏಜೆಂಟ್‌ಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. 2003ರಲ್ಲಿ ಈ ನಿಯಮ ಬಂತು. ಆಗಲೇ ಇನ್ನೊಂದನ್ನೂ ಬದಲಿಸಿದರು, ಅಭ್ಯರ್ಥಿ ಆ ರಾಜ್ಯದ ಮತದಾರ ಆಗಿರಬೇಕು ಅನ್ನುವ ಷರತ್ತನ್ನು ತೆಗೆದು ಹಾಕಿದರು. ಹೆಸರೇ ರಾಜ್ಯಗಳ ಸಭೆ ಅಂತ ಇರುವಾಗ ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಕೋರ್ಟ್ ಎತ್ತಿಹಿಡಿದಿದೆ, ಇರಲಿ.

ಆದರೆ ಹಿಂಬಾಗಿಲ ಸದನ ಅಂತ ಸುಮ್ನೆ ಬೈಯುವವರ ಜೊತೆಗೂ ನಾನಿಲ್ಲ. ರಾಜ್ಯಸಭೆ ವಿಸರ್ಜನೆ ಆಗುವುದಿಲ್ಲ. ಆರು ವರ್ಷದ ಅವಧಿ, ಎರಡು ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ಸದಸ್ಯರು ನಿವೃತ್ತಿ. ಮುಂದಿನ ಎಲೆಕ್ಷನ್ ತಲೆ ಮೇಲೆ ಕೂತಿರುವುದಿಲ್ಲ. ಸಾಹೇಬ್ರು ಮಸೂದೆಯನ್ನು ಪೂರ್ತಿ ಓದಿ, ಗೆರೆ ಎಳೆದು, "ಈ ಕಲಮು ಯಾಕೆ?" ಅಂತ ನನ್ನನ್ನೇ ಕೇಳುತ್ತಿದ್ದರು. ಲೋಕಸಭೆಯಲ್ಲಿ ಆ ಹೊತ್ತಿಗೆ ನಾನು ಇ.ಕ್ಯೂ. ಲೆಟರ್‌ಗೆ ಪಿಎನ್‌ಆರ್ ತುಂಬುತ್ತಾ ಇರುತ್ತಿದ್ದೆ.

ಬಲ ಎಲ್ಲಿ ಕಡಿಮೆ ಅಂತಲೂ ಗೊತ್ತಾಯಿತು. ಮನಿ ಬಿಲ್ (ತೆರಿಗೆ, ಸರ್ಕಾರದ ಖರ್ಚಿನಂಥ ಹಣದ ಮಸೂದೆ) ಆದರೆ ರಾಜ್ಯಸಭೆ 14 ದಿನ ಇಟ್ಟುಕೊಳ್ಳಬಹುದು, ಸಲಹೆ ಕೊಡಬಹುದು, ಅಷ್ಟೇ. 2016ರ ಮಾರ್ಚ್‌ನಲ್ಲಿ ಆಧಾರ್ ಮಸೂದೆ ಹಾಗೇ ಬಂತು. ರಾಜ್ಯಸಭೆ ಸೂಚಿಸಿದ ತಿದ್ದುಪಡಿಗಳನ್ನು ಲೋಕಸಭೆ ಅದೇ ದಿನ ತಳ್ಳಿಹಾಕಿತು.

ಶೂನ್ಯವೇಳೆಯ, ಅಂದರೆ ಸದಸ್ಯರು ತುರ್ತು ವಿಷಯ ಎತ್ತುವ ಹೊತ್ತಿನ, ಮಾತು ಬೇರೆಯೇ ಕಥೆ. ರಾಜ್ಯಸಭೆಯಲ್ಲಿ ಮೂರು ನಿಮಿಷ, ಆಮೇಲೆ ಮೈಕ್ ತಾನೇ ಆಫ್. ಅದಕ್ಕೇ ನಾನು ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ಸಾಹೇಬ್ರ ಕೈಲಿ ಓದಿಸುತ್ತಿದ್ದೆ. ಕನ್ನಡದಲ್ಲೇ ಮಾತಾಡುತ್ತೇನೆ ಅಂತ ಅವರು ಹಟ ಹಿಡಿದಾಗ ಮೊದಲೇ ತಿಳಿಸಿ ಭಾಷಾಂತರಕಾರರನ್ನು ಗೊತ್ತು ಮಾಡಿದೆವು. 2018ರಿಂದ 22 ಭಾಷೆಗೂ ಆ ವ್ಯವಸ್ಥೆ ಇದೆ. ತೊಡಕು ಬಂದಿದ್ದು ಎಲ್ಲಿ ಗೊತ್ತಾ? ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಬೆಳೆ ನಷ್ಟ ಆದ ರೈತರಿಗೆ ಹೋದ ವರ್ಷ ಘೋಷಿಸಿದ ಪರಿಹಾರವನ್ನು..." ಅಂತ ಇವರು ಎಳೆಯುತ್ತಾ ಹೋದರೆ, ಕೊಟ್ಟರಾ ಇಲ್ಲವಾ ಅಂತ ತಿಳಿಯುವ ತನಕ ಭಾಷಾಂತರ ಮಾಡುವವರು ಕಾಯಬೇಕು. ಇಡೀ ಭಾಷಣವನ್ನು ತುಂಡು ತುಂಡು ವಾಕ್ಯ ಮಾಡಿದೆ. "ಪರಿಹಾರ ಬಂದಿಲ್ಲ. ಹೋದ ವರ್ಷ ಘೋಷಿಸಿದ್ದು." ಎರಡು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಯಿತು.

ಲೋಕಸಭೆ ದಿನಗಳಲ್ಲಿ ಮಲೆನಾಡಿನ ಹಿರಿಯರೊಬ್ಬರು ಅಡಿಕೆ ಚೀಲ ಹಿಡಿದು ನಮ್ಮಲ್ಲಿಗೆ ಬಂದಿದ್ದರು. 2017ರಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿ ಮಾಡಿದ ಮೇಲೂ ಹೊರಗಿನ ಅಡಿಕೆ ಯಾಕೆ ಬರುತ್ತಿದೆ ಅಂತ ಕೇಳಿಸಬೇಕಿತ್ತು ಅವರಿಗೆ. ಕೇಳಿಸಿದ್ದೆವು. ನಾನು ಆಫೀಸು ಬದಲಿಸಿದ ಮೇಲೆ ಅವರು ಫೋನ್ ಮಾಡಿದರು. "ಸಾಹೇಬ್ರು ಬೇರೆ ಆದ್ರಂತೆ ಮಾರಾಯ್ರೇ, ಇವರ ಕೈಲೂ ಅದನ್ನೇ ಒಂದು ಸಲ ಕೇಳಿಸಿ ನೋಡಿ."

ರಾಜ್ಯಸಭೆಯಲ್ಲಿ ವಾಣಿಜ್ಯ ಖಾತೆಯ ದಿನ ನೋಡಿಕೊಂಡು, ಈ ಸಲ 15 ದಿನ ಸರಿಯಾಗಿ ಎಣಿಸಿ ಹಾಕಿದೆ. ಉತ್ತರ ಬಂತು. ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ವಾಕ್ಯಗಳೆಲ್ಲ ಹೆಚ್ಚುಕಡಿಮೆ ಅವೇ, ಕೊನೆಯ ಪಟ್ಟಿಯಲ್ಲಿ ಮಾತ್ರ ಹೊಸ ವರ್ಷಗಳ ಕಾಲಂ ಸೇರಿತ್ತು. ಎರಡನ್ನೂ ವಾಟ್ಸಾಪ್‌ನಲ್ಲಿ ಅವರಿಗೆ ಕಳಿಸಿದೆ. "ಇನ್ನೊಂದು ಸಭೆ ಇಲ್ವಾ?" ಅಂತ ಬರೆದರು.