ಡೊಂಬಿವಲಿಯ ಮಳೆಗಾಲ, ಕಂಪ್ಯೂಟರಿನ ಗರಗರ

ನನ್ನದು ಡಿಟಿಪಿ ಕೆಲಸ. ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಮನೆ, ಹಾಲ್ ಕೋಣೆಯ ಕಿಟಕಿ ಪಕ್ಕದ ಮೇಜೇ ಆಫೀಸು. ಮದುವೆ ಕಾಗದ, ಸಂಘದ ವಾರ್ಷಿಕ ವರದಿ, ಗಣೇಶೋತ್ಸವದ ಸ್ಮರಣ ಸಂಚಿಕೆ, ಎಲ್ಲವೂ ಕನ್ನಡದಲ್ಲೇ. ಮಳೆಗಾಲ ಬಂತೆಂದರೆ ಕೆಲಸ ಜಾಸ್ತಿ. ಮೇ ಕೊನೆಯ ಹೊತ್ತಿಗೆ, ಪತ್ತನಾಜೆಯ ದಿನ, ಊರಲ್ಲಿ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತಾರೆ, ಆಮೇಲೆ ತಂಡ ಕಟ್ಟಿಕೊಂಡು ಮುಂಬೈ ಕಡೆ ಆಟಕ್ಕೆ ಬರುತ್ತಾರೆ. ಆ ಆಟದ ಕರಪತ್ರಗಳು ನಮ್ಮಂಥವರ ಮೇಜಿಗೆ ಬರುತ್ತವೆ. ಸರಿಯಾಗಿ ಅದೇ ಹೊತ್ತಿಗೆ ನನ್ನ ಕಂಪ್ಯೂಟರ್ ಕೂಗಲು ಶುರುಮಾಡಿತು.

ಬೆಳಿಗ್ಗೆ ಆನ್ ಮಾಡಿದ ಕೂಡಲೇ ಗರಗರ. ಒಂದು ಹತ್ತು ನಿಮಿಷಕ್ಕೆ ಸದ್ದು ಅಡಗುತ್ತಿತ್ತು. ಮಧ್ಯಾಹ್ನ ದೊಡ್ಡ ಫೈಲ್ ಪಿಡಿಎಫ್ ಮಾಡಲು ಕೊಟ್ಟರೆ ಮತ್ತೆ ಜೋರು, ಆದರೆ ಆಗ ಗರಗರ ಅಲ್ಲ, ಬಿರುಗಾಳಿಯ ಹಾಗೆ ಭರ್ರೋ ಎಂದು. ಒಳಗಿನಿಂದ ಹೆಂಡತಿ ಕೇಳಿದಳು, "ಏನ್ರೀ, ನಿಮ್ಮ ಮೇಳದ ಚೆಂಡೆ ಶುರುವಾಯ್ತಾ?" ಎರಡು ಬೇರೆ ಬೇರೆ ಸದ್ದು ಎಂದು ಆಗ ನನಗೆ ಹೊಳೆಯಲೇ ಇಲ್ಲ. ಫ್ಯಾನ್ ಹಾಳಾಗಿದೆ, ಅಷ್ಟೇ ಅಂದುಕೊಂಡೆ. ಮುಂದೆ ದುಡ್ಡು ಹೋದದ್ದೂ ಅಲ್ಲೇ.

ಹತ್ತಿರದ ರಿಪೇರಿ ಅಂಗಡಿಗೆ ಕ್ಯಾಬಿನೆಟ್ ಹೊತ್ತುಕೊಂಡು ಹೋದೆ. ರಿಕ್ಷಾದಲ್ಲಿ ಮಗುವಿನ ಹಾಗೆ ತೊಡೆ ಮೇಲಿಟ್ಟುಕೊಂಡು, ಮೇಲೆ ಪ್ಲಾಸ್ಟಿಕ್ ಹೊದೆಸಿ. ಆ ಹುಡುಗ ಒಂದು ನಿಮಿಷ ಕಿವಿಗೊಟ್ಟು, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಒದಗಿಸುವ ಡಬ್ಬ) ಹೋಗಿದೆ, ಪ್ರೊಸೆಸರಿನ ಫ್ಯಾನೂ ಹೋಗಿದೆ, ಎರಡೂ ಹೊಸದು ಹಾಕಬೇಕು ಅಂದ. ಪ್ರೊಸೆಸರಿನ ಫ್ಯಾನ್ ಮಾತ್ರ ಹಾಕಿಸಿಕೊಂಡೆ. 750 ರೂಪಾಯಿ. ಮರುದಿನ ಬೆಳಿಗ್ಗೆ ಆನ್ ಮಾಡಿದರೆ ಅದೇ ಗರಗರ. ಹುಡುಗನನ್ನು ಬೈದು ಏನು ಪ್ರಯೋಜನ? ಸದ್ದು ಎಲ್ಲಿಂದ ಬರುತ್ತಿದೆ ಎಂದು ನಾನೂ ನೋಡಿರಲಿಲ್ಲ, ಅವನೂ ನೋಡಿರಲಿಲ್ಲ.

ಆ ಭಾನುವಾರ ನಾನೇ ಕೂತೆ. ಡೆಸ್ಕ್‌ಟಾಪಿನಲ್ಲಿ ಸಾಮಾನ್ಯವಾಗಿ ಮೂರು ಫ್ಯಾನ್ ಇರುತ್ತವೆ. ಪ್ರೊಸೆಸರಿನ ಮೇಲೊಂದು, ಹಿಂಬದಿಯಲ್ಲಿ ಬಿಸಿಗಾಳಿ ಹೊರಗೆ ತಳ್ಳುವುದೊಂದು, ಎಸ್‌ಎಂಪಿಎಸ್ ಡಬ್ಬದೊಳಗೆ ಇನ್ನೊಂದು. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೂ ಒಂದೆರಡು. ಇವೆಲ್ಲ ಒಂದೇ ತಗಡಿನ ಡಬ್ಬದೊಳಗೆ ಇರುವುದರಿಂದ ಸದ್ದು ಎಲ್ಲ ಕಡೆಯಿಂದಲೂ ಬಂದ ಹಾಗೆ ಕೇಳುತ್ತದೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಕಿವಿ ಹತ್ತಿರ ಇಟ್ಟರೂ ಗೊತ್ತಾಗುವುದಿಲ್ಲ.

ಮೇಜಿನ ಮೇಲೆ ಪ್ರೂಫ್ ತೆಗೆದ ಒಂದು ಮದುವೆ ಕಾಗದ ಬಿದ್ದಿತ್ತು, ಒಳ್ಳೆ ದಪ್ಪ ಕಾರ್ಡು. ಅದನ್ನು ಕೊಳವೆ ಹಾಗೆ ಸುತ್ತಿ ಒಂದು ತುದಿ ಕಿವಿಗೆ ಹಿಡಿದೆ, ಇನ್ನೊಂದು ತುದಿಯನ್ನು ರೆಕ್ಕೆಗೆ ತಾಗದಂತೆ ಒಂದೊಂದು ಫ್ಯಾನಿನ ಹತ್ತಿರ ತಂದೆ. ಡಾಕ್ಟರ ಸ್ಟೆತಸ್ಕೋಪಿನ ಹಾಗೆ. ಹೊಸದಾಗಿ ಹಾಕಿಸಿದ ಫ್ಯಾನ್ ಸುಮ್ಮನೆ ಗಾಳಿ ಬೀಸುತ್ತಿತ್ತು. ಎಸ್‌ಎಂಪಿಎಸ್ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಹಿಂದಿನ ಫ್ಯಾನಿನ ಹತ್ತಿರ ತಂದೆ ನೋಡಿ, ಕಿವಿಯೊಳಗೇ ರಾಗಿ ಬೀಸಿದ ಹಾಗಾಯಿತು!

ಖಚಿತ ಮಾಡಿಕೊಳ್ಳಲು ಪೆನ್ಸಿಲ್ ತಿರುಗಿಸಿ ಹಿಡಿದು, ಅದರ ರಬ್ಬರ್ ತುದಿಯಿಂದ ಆ ಫ್ಯಾನಿನ ಮಧ್ಯದ ಗುಬ್ಬಿಯನ್ನು ಮೆಲ್ಲಗೆ ಒತ್ತಿದೆ. ರೆಕ್ಕೆಯನ್ನಲ್ಲ, ಗುಬ್ಬಿಯನ್ನು. ಫ್ಯಾನ್ ನಿಂತಿತು, ಗರಗರವೂ ನಿಂತಿತು. ಎರಡು ಸೆಕೆಂಡು ಹಿಡಿದು ಬಿಟ್ಟೆ, ಮತ್ತೆ ಶುರು. ಪ್ರೊಸೆಸರಿನ ಫ್ಯಾನಿಗೆ ಮಾತ್ರ ಇದನ್ನು ಹೆಚ್ಚು ಹೊತ್ತು ಮಾಡಬಾರದು, ಬೇಗ ಬಿಸಿಯೇರುತ್ತದೆ.

ಬೆಳಿಗ್ಗೆ ಮಾತ್ರ ಯಾಕೆ ಗರಗರ ಅನ್ನುತ್ತಿತ್ತು? ಕಡಿಮೆ ಬೆಲೆಯ ಫ್ಯಾನುಗಳಲ್ಲಿ ಇರುವುದು ಸ್ಲೀವ್ ಬೇರಿಂಗ್. ಹಿತ್ತಾಳೆ ಬಣ್ಣದ ಒಂದು ಸಣ್ಣ ಕೊಳವೆ, ಅದರೊಳಗೆ ತಿರುಗುವ ಉಕ್ಕಿನ ಕಡ್ಡಿ, ನಡುವೆ ಎಣ್ಣೆಯ ತೆಳು ಪದರ. ವರ್ಷಗಳು ಕಳೆದಂತೆ ಆ ಎಣ್ಣೆ ಆರಿ ಅಂಟಾಗುತ್ತದೆ. ತಣ್ಣಗಿದ್ದಾಗ ಗಟ್ಟಿ, ಬಿಸಿಯಾದ ಮೇಲೆ ಸ್ವಲ್ಪ ಕರಗುತ್ತದೆ. ಅದಕ್ಕೇ ಹತ್ತು ನಿಮಿಷದಲ್ಲಿ ಸುಮ್ಮನಾಗುತ್ತಿತ್ತು. ನಮ್ಮ ಅಜ್ಜಿಯ ಮೊಣಕಾಲೂ ಹಾಗೇ ಇತ್ತು, ಬೆಳಿಗ್ಗೆ ನಾಲ್ಕು ಹೆಜ್ಜೆ ನಡೆದ ಮೇಲೆ ಸರಿಯಾಗುತ್ತಿತ್ತು.

ಎಣ್ಣೆ ಬಿಡಬೇಕು ಎಂದಾಗ ಅಮ್ಮ ಅಡುಗೆಮನೆಯಿಂದ ತೆಂಗಿನೆಣ್ಣೆ ಬಾಟ್ಲಿ ತಂದೇಬಿಟ್ಟರು. "ಎರಡು ಹನಿ ಬಿಡು ಮಗಾ, ಊರಲ್ಲಿ ಬಾಗಿಲ ತಿರುಗಣೆಗೂ ಅದೇ ಬಿಡ್ತಿದ್ದದ್ದು." ಬಾಗಿಲಿಗೆ ಸರಿ. ಫ್ಯಾನ್ ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತದೆ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಬಿಸಿಗೆ ಕಮಟಾಗಿ ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರೂ ಇದ್ದಾರೆ. ಎರಡು ದಿನ ಸುಖ, ಆಮೇಲೆ ಒಳಗೆ ಉಳಿದಿದ್ದ ಎಣ್ಣೆಯನ್ನೂ ಅದು ತೊಳೆದುಹಾಕಿರುತ್ತದೆ. ಬೇಕಾದದ್ದು ಹೊಲಿಗೆ ಮಷೀನಿನ ಎಣ್ಣೆ. ಕೆಳಗಿನ ಮಹಡಿಯ ಟೇಲರ್ ಕಾಕಾನ ಹತ್ತಿರ ಒಂದು ಮುಚ್ಚಳದಷ್ಟು ಕೇಳಿ ತಂದೆ.

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದೆ. ಉಳಿದ ಕರೆಂಟು ಇಳಿಯಲಿ ಎಂದು. ಹಿಂದಿನ ಫ್ಯಾನಿಗೆ ನಾಲ್ಕು ಸ್ಕ್ರೂ. ಬಿಚ್ಚಿ ಕೈಗೆ ತೆಗೆದುಕೊಂಡರೆ ರೆಕ್ಕೆಗಳ ಅಂಚಿನಲ್ಲಿ ಧೂಳು ಕಪ್ಪು ಉಣ್ಣೆಯ ಹಾಗೆ ಕೂತಿತ್ತು. ಊರಿನ ಧೂಳು ಊದಿದರೆ ಹಾರುತ್ತದೆ. ಇಲ್ಲಿಯದು ಹಾಗಲ್ಲ. ಮಳೆಗಾಲದ ತೇವ, ಒಗ್ಗರಣೆಯ ಹೊಗೆ, ಊದುಬತ್ತಿ, ಪಕ್ಕದಲ್ಲಿ ಕಟ್ಟುತ್ತಿರುವ ಬಿಲ್ಡಿಂಗಿನ ಸಿಮೆಂಟು, ಎಲ್ಲ ಸೇರಿ ಕಂಬಳಿಯಾಗಿತ್ತು. ಪೇಂಟಿನ ಬ್ರಷ್ಷಿನಿಂದ ಕೆರೆಯಬೇಕಾಯಿತು.

ಫ್ಯಾನಿನ ಬೆನ್ನಿಗೆ ಒಂದು ಗುಂಡು ಸ್ಟಿಕ್ಕರ್ ಇರುತ್ತದೆ. ಉಗುರಿನಿಂದ ಅರ್ಧ ಎಬ್ಬಿಸಿದೆ. ಅದರಡಿ ಕಪ್ಪು ರಬ್ಬರಿನ ಸಣ್ಣ ಬಿರಡೆ. ಸೂಜಿಯಿಂದ ಮೀಟಿದರೆ ಅದೂ ಬಂತು. ಒಳಗೆ ಕಡ್ಡಿಯ ತುದಿ, ಅದನ್ನು ಹಿಡಿದಿರುವ ಒಂದು ಬಿಳಿ ಉಂಗುರ, ಸುತ್ತ ಕಂದು ಬಣ್ಣದ ಅಂಟು. ಕಿವಿಕಡ್ಡಿಯಿಂದ ಅಂಟು ಒರೆಸಿ, ಹಲ್ಲುಕಡ್ಡಿಯ ತುದಿಯಿಂದ ಎರಡು ಹನಿ ಎಣ್ಣೆ ಇಳಿಸಿದೆ. ಬೆರಳಿನಿಂದ ರೆಕ್ಕೆ ತಿರುಗಿಸಿದೆ. ಮೊದಲು ಎರಡು ಸುತ್ತಿಗೆ ನಿಲ್ಲುತ್ತಿದ್ದದ್ದು ಈಗ ಏಳೆಂಟು ಸುತ್ತು ತಿರುಗಿ ನಿಂತಿತು. ಹೆಚ್ಚಾದ ಎಣ್ಣೆ ಒರೆಸಿದೆ. ಇಲ್ಲದಿದ್ದರೆ ಸ್ಟಿಕ್ಕರ್ ಮತ್ತೆ ಅಂಟುವುದಿಲ್ಲ, ಎಣ್ಣೆ ಹೊರಗೆ ಚಿಮ್ಮುತ್ತದೆ. ಕೆಲವು ಫ್ಯಾನಿಗೆ ಈ ಬಿರಡೆಯೇ ಇರುವುದಿಲ್ಲ, ಪೂರ್ತಿ ಮುಚ್ಚಿರುತ್ತದೆ. ಅಂಥದ್ದನ್ನು ಕೊರೆಯಲು ಹೋಗಬೇಡಿ.

ಗರಗರ ಹೋಯಿತು. ಆಗ ಇನ್ನೊಂದು ಸದ್ದು, ಆ ಭರ್ರೋ, ಸ್ಪಷ್ಟವಾಗಿ ಕೇಳಿಸಿತು.

ಇದು ಬೇರಿಂಗಿನ ತೊಂದರೆ ಅಲ್ಲ. ಪ್ರೊಸೆಸರ್ ಬಿಸಿಯಾದಷ್ಟೂ ಫ್ಯಾನ್ ಜೋರಾಗಿ ತಿರುಗುತ್ತದೆ. ಸದ್ದಿಗೆ ಬೈಯುವ ಮೊದಲು ಬಿಸಿ ಎಷ್ಟಿದೆ ನೋಡಬೇಕು. ಆನ್ ಮಾಡುವಾಗ ವಿಂಡೋಸಿಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ, ಅಂದರೆ ಬಯೋಸ್‌ಗೆ ಹೋದರೆ ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ ಬಿಸಿಯೂ ಫ್ಯಾನಿನ ವೇಗವೂ ಕಾಣುತ್ತವೆ. ವಿಂಡೋಸ್ ಒಳಗೇ ನೋಡಲು ಎಚ್‌ಡಬ್ಲ್ಯು ಮಾನಿಟರ್ ಎಂಬ ಉಚಿತ ತಂತ್ರಾಂಶ ಇದೆ. ನನ್ನದು ಸುಮ್ಮನೆ ಕೂತಾಗಲೇ 58 ಡಿಗ್ರಿ, ಪಿಡಿಎಫ್ ಮಾಡುವಾಗ 91. ಫ್ಯಾನ್ ನಿಮಿಷಕ್ಕೆ 2,600 ಸುತ್ತು. 100ರ ಹತ್ತಿರ ಹೋದರೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸುತ್ತದೆ. ಕೆಲಸ ನಿಧಾನವಾಗಿದ್ದಕ್ಕೆ ನಾನು ಫಾಂಟುಗಳನ್ನು ಬೈಯುತ್ತಿದ್ದೆ.

ಫ್ಯಾನಿನ ಸಂದಿಯಿಂದ ಟಾರ್ಚ್ ಹಿಡಿದು ನೋಡಿದರೆ ಕಾರಣ ಗೊತ್ತಾಯಿತು. ಪ್ರೊಸೆಸರಿನ ಬಿಸಿ ಹೀರುವ ಹೀಟ್ ಸಿಂಕಿನ ಅಲ್ಯೂಮಿನಿಯಂ ಹಲ್ಲುಗಳ ಮೇಲೆ ಅದೇ ಕಂಬಳಿ. ಅಂಗಡಿಯ ಹುಡುಗ ಧೂಳಿನ ಮೇಲೆಯೇ ಹೊಸ ಫ್ಯಾನ್ ಕೂರಿಸಿದ್ದ! ನಡುವೆ ಒಂದು ಜಿರಳೆಯ ರೆಕ್ಕೆಯೂ ಇತ್ತು. ಸೆಕೆಗೆ ಪಕ್ಕದ ಬಾಗಿಲು ತೆಗೆದಿಟ್ಟು ಟೇಬಲ್ ಫ್ಯಾನ್ ಹಿಡಿಯುವ ಅಭ್ಯಾಸ ನನಗಿತ್ತು. ಜಿರಳೆಗೆ ದಾರಿ ತೋರಿಸಿದವನು ನಾನೇ.

ಇಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಇಂಟೆಲ್ ಪ್ರೊಸೆಸರಿನ ಜೊತೆ ಬರುವ ಹೀಟ್ ಸಿಂಕನ್ನು ನಾಲ್ಕು ಪ್ಲಾಸ್ಟಿಕ್ ಗೂಟಗಳು ಹಿಡಿದಿರುತ್ತವೆ. ಗೂಟದ ತಲೆಯ ಮೇಲಿನ ಬಾಣದ ದಿಕ್ಕಿಗೆ ತಿರುಗಿಸಿ ಎಳೆದರೆ ಬಿಡುತ್ತದೆ. ಎಳೆದೆ, ಬಂತು, ತೊಳೆದ ಹಾಗೆ ಸ್ವಚ್ಛ ಮಾಡಿದೆ. ತೆಗೆದ ಮೇಲೆ, ಪ್ರೊಸೆಸರಿನ ಬಿಸಿಯನ್ನು ಹೀಟ್ ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಲೇಬೇಕು ಎಂದು ನೆನಪಾಯಿತು. ಮನೆಯಲ್ಲಿ ಪೇಸ್ಟ್ ಎಲ್ಲಿದೆ? ಭಾನುವಾರ ಮುಂಬೈಯ ಕಂಪ್ಯೂಟರ್ ಸಾಮಾನಿನ ಬೀದಿ ಲ್ಯಾಮಿಂಗ್ಟನ್ ರೋಡಿನಲ್ಲಿ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಸೋಮವಾರ ಒಂದು ಕರಪತ್ರ ಕೊಡಬೇಕಿತ್ತು. ಆಟದ ಸಂಘಟಕರು ನನ್ನ ಪುಣ್ಯಕ್ಕೆ ನಕ್ಕು ಸುಮ್ಮನಾದರು.

ಸೋಮವಾರ ಲೋಕಲ್ ಹಿಡಿದು ದಾದರ್‌ಗೆ, ಅಲ್ಲಿ ಸೇತುವೆ ಹತ್ತಿ ವೆಸ್ಟರ್ನ್ ಲೈನಿಗೆ, ಗ್ರಾಂಟ್ ರೋಡಿನಲ್ಲಿ ಇಳಿದೆ. ಬೋರ್ಡಿನಲ್ಲಿ ಡಾಕ್ಟರ್ ಭಡಕಮ್ಕರ್ ಮಾರ್ಗ ಎಂದಿದ್ದರೂ ಎಲ್ಲರ ಬಾಯಲ್ಲಿ ಅದು ಲ್ಯಾಮಿಂಗ್ಟನ್ ರೋಡೇ. ಪೇಸ್ಟಿನ ಜೊತೆ ಹಿಂಬದಿಗೆ ಒಂದು 120 ಮಿಲಿಮೀಟರ್ ಫ್ಯಾನೂ ಇರಲಿ ಎಂದು ಕೇಳಿದೆ. ಎಣ್ಣೆ ಬಿಟ್ಟ ಫ್ಯಾನಿನ ಮೇಲೆ ನನಗೆ ಪೂರ್ತಿ ನಂಬಿಕೆ ಇರಲಿಲ್ಲ. ಅಂಗಡಿಯವರು ಕತ್ತೆತ್ತದೆ ಕೇಳಿದರು, "ಸ್ಲೀವ್ ಕಿ ಬಾಲ್?" ಸ್ಲೀವೋ ಬಾಲೋ ಎಂದು. ಬಾಲ್ ಬೇರಿಂಗ್ ಅಂದರೆ ಒಳಗೆ ಸಣ್ಣ ಗುಂಡುಗಳು. ಹೊಸದಿದ್ದಾಗ ಸ್ಲೀವಿಗಿಂತ ಒಂದಿಷ್ಟು ಹೆಚ್ಚು ಸದ್ದು, ಆದರೆ ಬಿಸಿಯಲ್ಲಿ ಜಾಸ್ತಿ ವರ್ಷ ಬಾಳುತ್ತದೆ. ಬಾಲ್ ತೆಗೆದುಕೊಂಡೆ, 450 ರೂಪಾಯಿ.

ಮನೆಗೆ ಬಂದು ಹಳೆ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ಅದು ಒಣಗಿ ಸುಣ್ಣದ ಹಾಗಾಗಿತ್ತು. ಹೊಸ ಪೇಸ್ಟ್ ಬಟಾಣಿ ಕಾಳಿಗಿಂತ ಸ್ವಲ್ಪ ಚಿಕ್ಕದು ಸಾಕು, ದೋಸೆ ಹುಯ್ದ ಹಾಗೆ ಹರಡಬೇಕಿಲ್ಲ, ಒತ್ತಡಕ್ಕೆ ತಾನೇ ಹರಡುತ್ತದೆ. ಗೂಟಗಳನ್ನು ಎದುರುಬದುರಾಗಿ ಎರಡೆರಡು ಒತ್ತಿದೆ. ಮೂರು ಟಕ್ ಅಂದವು. ನಾಲ್ಕನೆಯದು ಅಂದಿತೋ ಇಲ್ಲವೋ, ಗಮನಿಸಲಿಲ್ಲ. ಬಯೋಸ್ ತೆರೆದು ನೋಡುತ್ತಿದ್ದಂತೆ 70, 78, 86. ಕೈಕಾಲು ತಣ್ಣಗಾಯಿತು. ಪಟ್ಟನೆ ಆಫ್ ಮಾಡಿ ಮದರ್ ಬೋರ್ಡಿನ ಹಿಂದೆ ಟಾರ್ಚ್ ಬಿಟ್ಟರೆ, ಒಂದು ಗೂಟದ ತುದಿ ತೂತಿನಿಂದ ಆಚೆ ಬಂದೇ ಇರಲಿಲ್ಲ. ತೆಗೆದು, ಪೇಸ್ಟ್ ಒರೆಸಿ, ಮತ್ತೆ ಹಚ್ಚಿ ಕೂರಿಸಿದೆ. ಈ ಸಲ ಸುಮ್ಮನಿದ್ದಾಗ 41, ಪಿಡಿಎಫ್ ಮಾಡುವಾಗ 72. ಫ್ಯಾನ್ 1,400 ಸುತ್ತು. ಭರ್ರೋ ಇಲ್ಲ.

ಮೂರು ವಾರಕ್ಕೆ ಎಣ್ಣೆ ಬಿಟ್ಟ ಫ್ಯಾನ್ ಮತ್ತೆ ರಾಗಿ ಬೀಸಲು ಶುರುಮಾಡಿತು. ಕಡ್ಡಿಯೇ ಸವೆದಿದ್ದರೆ ಎಣ್ಣೆ ಏನು ಮಾಡೀತು! ಹೊಸದನ್ನು ಹಾಕಿದೆ. ಗಾಳಿಯ ದಿಕ್ಕು ಮರೆಯಬೇಡಿ. ಅಡ್ಡಪಟ್ಟಿಗಳಿರುವ ಬದಿಯಿಂದ ಗಾಳಿ ಹೊರಡುತ್ತದೆ, ಹಿಂದಿನ ಫ್ಯಾನಿನಲ್ಲಿ ಆ ಬದಿ ಹೊರಮುಖ ಇರಬೇಕು. ಆನ್ ಮಾಡಿದರೆ ವಿಮಾನ ಏರಿದ ಸದ್ದು. ಹೊಸ ಫ್ಯಾನಿಗೆ ಮೂರೇ ಪಿನ್, ಬೋರ್ಡಿನ ಕನೆಕ್ಟರಿಗೆ ನಾಲ್ಕು. ನಾಲ್ಕನೇ ಪಿನ್ ಇರುವುದು ಎಷ್ಟು ವೇಗದಲ್ಲಿ ತಿರುಗಬೇಕು ಎಂದು ಬೋರ್ಡು ಫ್ಯಾನಿಗೆ ಹೇಳುವುದಕ್ಕೆ. ಮೂರು ಪಿನ್ನಿನದಕ್ಕೆ ಆ ಮಾತು ಕೇಳಿಸುವುದಿಲ್ಲ, ಪೂರ್ತಿ 12 ವೋಲ್ಟ್ ತೆಗೆದುಕೊಂಡು ಓಡುತ್ತದೆ. ಬಯೋಸಿನಲ್ಲಿ ಆ ಫ್ಯಾನನ್ನು ಪಿಡಬ್ಲ್ಯುಎಂನಿಂದ (ನಾಲ್ಕನೇ ಪಿನ್ನಿನ ಮೂಲಕ ವೇಗ ಹೇಳುವ ಕ್ರಮ) ಡಿಸಿಗೆ (ವೋಲ್ಟ್ ಏರಿಸಿ ಇಳಿಸಿ ವೇಗ ಬದಲಿಸುವ ಕ್ರಮ) ಬದಲಿಸಿದ ಮೇಲೆ ತೆಪ್ಪಗಾಯಿತು. ಮರುದಿನ ಟಿಕ್ ಟಿಕ್. ಅದು ನಾನೇ ಸಡಿಲ ಬಿಟ್ಟ ಒಂದು ವೈರು ರೆಕ್ಕೆಗೆ ತಾಗುತ್ತಿದ್ದದ್ದು, ಜಿಪ್ ಟೈ ಹಾಕಿ ಕಟ್ಟಿದೆ.

ಎಸ್‌ಎಂಪಿಎಸ್ಸನ್ನು ನಾನು ಬಿಚ್ಚಲಿಲ್ಲ, ನೀವೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಹೊರಗಿನಿಂದ ಬ್ರಷ್ ಆಡಿಸಿ, ಬ್ಲೋವರ್ ಹಿಡಿಯಿರಿ, ಸಾಕು. ಬ್ಲೋವರ್ ಹಿಡಿಯುವಾಗ ಯಾವ ಫ್ಯಾನಿನದೇ ಆಗಲಿ, ಕೈಗೆ ಸಿಗುವ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಬಿಟ್ಟರೆ ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಕೊನೆಗೆ ಉಳಿದದ್ದು ರಾತ್ರಿ ಮಾತ್ರ ಕೇಳುವ ಒಂದು ಸಣ್ಣ ಗುಂಯ್. ಕೈ ಇಟ್ಟರೆ ನಿಲ್ಲುತ್ತಿತ್ತು, ಎತ್ತಿದರೆ ಮತ್ತೆ. ಪಕ್ಕದ ತಗಡಿನ ಬಾಗಿಲು ಹಾರ್ಡ್ ಡಿಸ್ಕಿನ ನಡುಕಕ್ಕೆ ದನಿಗೂಡಿಸುತ್ತಿತ್ತು. ಸ್ಟೆತಸ್ಕೋಪ್ ಮಾಡಿದ ಅದೇ ಮದುವೆ ಕಾಗದದಿಂದ ಒಂದು ಬೆರಳಗಲ ಕತ್ತರಿಸಿ, ಎರಡು ಮಡಿಕೆ ಮಾಡಿ ಬಾಗಿಲಿನ ಅಂಚಿಗೆ ಸಿಕ್ಕಿಸಿದೆ. ಮೊನ್ನೆ ಹೆಂಡತಿ ಮೇಜು ಒರೆಸುವಾಗ ಅದನ್ನು ಕಸ ಎಂದು ಎಸೆದಳು. ರಾತ್ರಿ ಗುಂಯ್ ಎಂದಾಗ ಅವಳೇ ಎದ್ದು ಬಂದು, "ಆ ಕಾಗದದ ತುಂಡು ಎಲ್ಲಿದ್ದದ್ದು ಅಂತ ಹೇಳಿ" ಅಂದಳು.