ಬಾಗಿಲಿಗೆ ಅಂಟಿಸಿದ ಸಮನ್ಸ್

ಕಾಮಾಕ್ಷಿಪಾಳ್ಯದ ನನ್ನ ಪ್ರೆಸ್ಸಿಗೆ ಕೋರ್ಟಿನ ಅಮೀನರು ಬಂದಾಗ ಮದುವೆ ಕಾರ್ಡಿನ ಪ್ರೂಫ್ ನೋಡುತ್ತಿದ್ದೆ. ಅವರ ಕೈಯಲ್ಲಿ ಜಪ್ತಿ ವಾರಂಟ್. ಹಿಂದೆ ನನಗೆ ಪೇಪರ್ ಸಪ್ಲೈ ಮಾಡುತ್ತಿದ್ದವರು 2.75 ಲಕ್ಷಕ್ಕೆ ದಾವಾ ಹಾಕಿದ್ದರು. ನಾನು ಹಾಜರಾಗಲಿಲ್ಲ ಅಂತ ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ನಾನಿಲ್ಲದೆಯೇ ಅವರ ಪರ ತೀರ್ಪು, ಆಗಿ ಏಳು ತಿಂಗಳಾಗಿತ್ತು.

"ನನಗೆ ಸಮನ್ಸೇ ಬಂದಿಲ್ಲ ಸಾರ್" ಅಂದೆ.

"ಅದನ್ನ ಕೋರ್ಟಲ್ಲಿ ಹೇಳಿ, ಸ್ವಾಮಿ" ಅಂದರು. ಪುಣ್ಯಕ್ಕೆ ಅವತ್ತು ಮೆಷಿನ್ ಮುಟ್ಟಲಿಲ್ಲ.

ಮರುದಿನವೇ ಪರಿಚಯದ ವಕೀಲರೊಬ್ಬರನ್ನು ಹಿಡಿದೆ. ಮೇಡಂ ಮಾಡಿದ ಮೊದಲ ಕೆಲಸ, ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟಿನಲ್ಲಿ ಆರ್ಡರ್ ಶೀಟ್, ಡಿಕ್ರಿ, ಸಮನ್ಸ್ ಮೂರಕ್ಕೂ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿದ್ದು. ಸಮನ್ಸಿನ ಹಿಂಬದಿ ನೋಡಬೇಕಿತ್ತು. ‘ಅಂಗಡಿಗೆ ಬೀಗ ಹಾಕಿದೆ, ಬಾಗಿಲಿಗೆ ಅಂಟಿಸಿದೆ’ ಅಂತ ಷರಾ. ತಾರೀಖು 2022ರ ಸೆಪ್ಟೆಂಬರ್. ಜಾಗ ಯಾರು ತೋರಿಸಿದರು, ಯಾರ ಎದುರು ಅಂಟಿಸಿದರು ಅನ್ನುವುದೇ ಇಲ್ಲ. ವಿಳಾಸ ರಾಜಾಜಿನಗರದ್ದು. ಆ ಅಂಗಡಿ ನಾನು ಖಾಲಿ ಮಾಡಿದ್ದು 2021ರ ಜೂನ್‌ನಲ್ಲಿ!

ಡಿಕ್ರಿ ರದ್ದು ಮಾಡಿ ಅಂತ ಕೇಳುವ ಅರ್ಜಿಗೆ ನಾನು ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ. ಅವರು ಕೊಟ್ಟ ಪೇಪರ್ ಒದ್ದೆಯಾಗಿತ್ತು, ಜಿಎಸ್‌ಎಂ (ಪೇಪರಿನ ತೂಕ) ಕಡಿಮೆ ಇತ್ತು, ವಾಪಸ್ ತಗೊಳ್ಳಲಿಲ್ಲ, ಎಲ್ಲ. ಮೇಡಂ ಕೆಂಪು ಪೆನ್ನಲ್ಲಿ ಪೂರ್ತಿ ಹೊಡೆದು ಹಾಕಿದರು. ಸಿವಿಲ್ ಪ್ರೊಸೀಜರ್ ಕೋಡಿನ 9ನೇ ಆರ್ಡರ್, 13ನೇ ರೂಲ್ ಪ್ರಕಾರ ಅಲ್ಲಿ ಮುಖ್ಯವಾಗಿ ಎರಡೇ ಪ್ರಶ್ನೆ: ಸಮನ್ಸ್ ಸರಿಯಾಗಿ ಜಾರಿಯಾಯಿತಾ, ಇಲ್ಲವಾ? ಆಗಿದ್ದರೆ, ಬಾರದೇ ಇರೋದಕ್ಕೆ ತಕ್ಕ ಕಾರಣ ಇತ್ತಾ? ಸಾಲ ಇದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ಗಡುವು 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ, ಡಿಕ್ರಿ ಆಗಿದೆ ಅಂತ ನಮಗೆ ಗೊತ್ತಾದ ದಿನದಿಂದ ಲೆಕ್ಕ. ಅಮೀನರು ಬಂದ 19ನೇ ದಿನ ಈ ಅರ್ಜಿಯನ್ನು ಮಿಸ್ಲೇನಿಯಸ್ ಕೇಸಾಗಿ ಹಾಕಿದೆವು. ಎದುರು ಪಾರ್ಟಿ ತಕರಾರು ತೆಗೆಯಬಹುದು ಅಂತ ವಿಳಂಬ ಮನ್ನಾಕ್ಕೂ ಒಂದು ಐಎ (ಮಧ್ಯಂತರ ಅರ್ಜಿ) ಸೇರಿಸಿದರು ಮೇಡಂ. ಇನ್ನೊಂದು ಐಎ ಜಪ್ತಿಗೆ ತಡೆ ಕೇಳಿ. ಇದು ಮುಖ್ಯ. ಅರ್ಜಿ ಹಾಕಿದ ಮಾತ್ರಕ್ಕೆ ಜಪ್ತಿ ನಿಲ್ಲೋದಿಲ್ಲ. ತಡೆ ಬೇಕಾದರೆ 50,000 ಕಟ್ಟಿ ಅಂತ ಕೋರ್ಟ್ ಹೇಳಿತು, ಹೆಂಡತಿಯ ಬಳೆ ಅಡ ಇಟ್ಟು ಕಟ್ಟಿದೆ.

ಆಮೇಲೆ ವಾಯಿದೆ ಮೇಲೆ ವಾಯಿದೆ. ಅದನ್ನೇನು ಬರೆಯೋದು ಬಿಡಿ.

ನನ್ನ ಸಾಕ್ಷಿಯ ದಿನ ಹೊಸ ವಿಳಾಸಕ್ಕೆ ಬದಲಾಯಿಸಿಕೊಂಡ ಜಿಎಸ್‌ಟಿ ಸರ್ಟಿಫಿಕೇಟ್, ಬೆಸ್ಕಾಂ ಬಿಲ್ ಕೊಟ್ಟೆವು. ಇವೆಲ್ಲಕ್ಕಿಂತ ಕೆಲಸಕ್ಕೆ ಬಂದದ್ದು 2021ರ ಆಗಸ್ಟಿನ ಒಂದು ಇನ್‌ವಾಯ್ಸ್. ದಾವಾ ಹಾಕಿದ ಪೇಪರಿನವರದ್ದೇ ಇನ್‌ವಾಯ್ಸ್, ಅದರಲ್ಲಿ ಕಾಮಾಕ್ಷಿಪಾಳ್ಯದ ವಿಳಾಸ. ಹೊಸ ಜಾಗ ಗೊತ್ತಿದ್ದೂ ಹಳೇ ವಿಳಾಸಕ್ಕೇ ದಾವಾ ಹಾಕಿದ್ದರು.

ಕ್ರಾಸ್‌ನಲ್ಲಿ (ಪಾಟೀಸವಾಲಿನಲ್ಲಿ) ಅವರ ವಕೀಲರು ಕೇಳಿದರು, "ವಾಟ್ಸಾಪಲ್ಲಿ ಲೀಗಲ್ ನೋಟಿಸ್ ಬಂದಿತ್ತು ಅಲ್ವಾ?" ಎದೆ ಧಸಕ್ಕೆಂದಿತು. "ಬಂದಿತ್ತು" ಅಂದೆ. ಮೇಡಂ ಮೊದಲೇ ಅದನ್ನು ಅಫಿಡವಿಟ್‌ನಲ್ಲಿ ಬರೆಸಿದ್ದರು. ದುಡ್ಡು ಕೇಳಿದ್ದು ಗೊತ್ತಿರೋದು ಬೇರೆ, ಕೋರ್ಟಿನ ಡೇಟ್ ಗೊತ್ತಿರೋದು ಬೇರೆ ಅಂತ ವಾದಿಸಿದರು. ನಾನು ಇಲ್ಲ ಅಂದಿದ್ದರೆ ಅಲ್ಲೇ ಮುಗಿಯುತ್ತಿತ್ತು.

ಒಂದು ವರ್ಷ ಎರಡು ತಿಂಗಳಿಗೆ ಆದೇಶ ಬಂತು. ಎದುರು ಪಾರ್ಟಿಯ ಖರ್ಚಿಗೆ ಅಂತ 3,000 ರೂಪಾಯಿ ಕಾಸ್ಟ್ ಕಟ್ಟಬೇಕು, ಡಿಕ್ರಿ ರದ್ದು, ದಾವಾ ಹಳೇ ನಂಬರಿಗೇ ಮತ್ತೆ ಜೀವಂತ. ಈಗ ದಾವಾಕ್ಕೆ ಉತ್ತರ ಹಾಕಬೇಕು ಅಂತ ಮೇಡಂ ಫೈಲ್ ತೆಗೆದರು. ಕೆಂಪು ಗೀಟು ಹಾಕಿದ ನನ್ನ ನಾಲ್ಕು ಪುಟ ಅದರಲ್ಲೇ ಇತ್ತು. "ಇದು ಈಗ ಬೇಕು" ಅಂದರು.